ಸಿಡುಬಿನ ಬೆನ್ನು ಹತ್ತಿದ ದಿನಗಳು

1974ರಲ್ಲಿ ಬಿಹಾರದ ತುಂಬ ಸಿಡುಬು. ನಾನಿದ್ದ ತಂಡದಲ್ಲಿ ನನ್ನದು ಲಸಿಕೆ ಹಾಕುವ ಕೆಲಸ.

ನಮ್ಮ ಸೂಜಿಯ ತುದಿಯಲ್ಲಿ ಎರಡು ಕವಲು ಇರುತ್ತಿದ್ದವು. ಲಸಿಕೆಯಲ್ಲಿ ಅದ್ದಿ ತೆಗೆದರೆ ಕವಲಿನ ನಡುವೆ ಒಂದು ಹನಿ ನಿಲ್ಲುತ್ತದೆ. ಒಬ್ಬರಿಗೆ ಅಷ್ಟೇ ಸಾಕು. ತೋಳಿನ ಮೇಲೆ ಒಂದೇ ಜಾಗದಲ್ಲಿ ಬೇಗಬೇಗ 15 ಸಲ ಚುಚ್ಚಬೇಕು. ಸ್ವಲ್ಪ ಹೊತ್ತಿನಲ್ಲಿ ಸಣ್ಣಗೆ ರಕ್ತ ಜಿನುಗಬೇಕು. ಜಿನುಗದಿದ್ದರೆ ಮೆಲ್ಲಗೆ ಚುಚ್ಚಿದ್ದೇವೆ ಅಂತಲೇ ಅರ್ಥ. ಚರ್ಮಕ್ಕೆ ಸ್ಪಿರಿಟ್ ಒರೆಸುವ ಹಾಗಿಲ್ಲ, ಲಸಿಕೆಯೇ ಕೆಟ್ಟುಹೋಗುತ್ತದೆ. ವಾರ ಬಿಟ್ಟು ನೋಡಿದಾಗ ಅಲ್ಲಿ ಗುಳ್ಳೆ ಎದ್ದಿದ್ದರೆ ಲಸಿಕೆ ಹತ್ತಿತು ಅಂತ ಸಮಾಧಾನ.

ಆದರೆ ಚುಚ್ಚುವುದಕ್ಕಿಂತ ಹುಡುಕುವುದೇ ದೊಡ್ಡ ಕೆಲಸ. 1966ರಲ್ಲಿ ನೈಜೀರಿಯಾದಲ್ಲಿ ಲಸಿಕೆ ಸಾಲದೆ ಬಂದಾಗ ಅಮೆರಿಕದ ವೈದ್ಯ ವಿಲಿಯಂ ಫೇಗಿ ರೋಗಿ ಇರುವ ಕಡೆ ಮಾತ್ರ, ಸುತ್ತಲಿನವರಿಗೆ ಲಸಿಕೆ ಹಾಕಿಸಿದರು. ರೋಗ ಅಲ್ಲೇ ನಿಂತಿತು. ನಾವೂ ಅದನ್ನೇ ಮಾಡಿದೆವು. ಸಿಡುಬು ಎದ್ದ ಮಗುವಿನ ಚಿತ್ರವಿರುವ ಕಾರ್ಡ್ ಹಿಡಿದು ಸಂತೆಗೆ, ಶಾಲೆಗೆ ಹೋಗಿ ಕೇಳುತ್ತಿದ್ದೆವು. ದೊಡ್ಡವರು ಮುಚ್ಚಿಟ್ಟರೂ ಮಕ್ಕಳು ಹೇಳಿಬಿಡುತ್ತಿದ್ದರು. ಸಿಡುಬಿನ ಗುಳ್ಳೆ ಮುಖ, ಕೈಕಾಲಿನ ಮೇಲೆ ಜಾಸ್ತಿ, ಅಂಗೈ ಅಂಗಾಲಿನಲ್ಲೂ ಏಳುತ್ತದೆ. ಚಿಕನ್‌ಪಾಕ್ಸ್ ಆದರೆ ಎದೆ, ಬೆನ್ನಿನ ಮೇಲೇ ಜಾಸ್ತಿ. ಅದಕ್ಕೇ ನಾನು ಮೊದಲು ಅಂಗೈ ತೋರಿಸು ಅನ್ನುತ್ತಿದ್ದೆ.

ಒಂದು ಮನೆಯಲ್ಲಿ ನಾನು ತಪ್ಪು ಮಾಡಿದೆ. ಹುಡುಗನಿಗೆ ಸಿಡುಬು. ಮನೆಯವರಿಗೆ, ಓಣಿಯವರಿಗೆಲ್ಲ ಲಸಿಕೆ ಹಾಕಿದೆ, ಬಾಗಿಲಿಗೆ ಕಾವಲೂ ಹಾಕಿಸಿದೆ. ಹಿಂದಿನ ದಿನವಷ್ಟೇ ಅವನ ಸೋದರಮಾವ ಬಂದು ಹೋಗಿದ್ದ. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಎರಡು ವಾರಕ್ಕೆ ಆ ಮಾವನೇ ತನ್ನ ಊರಿನಲ್ಲಿ ಸಿಡುಬು ಬಂದು ಮಲಗಿದ. ರೋಗಿಯ ಹತ್ತಿರ ಹೋದ ಮೂರ್ನಾಲ್ಕು ದಿನದೊಳಗೆ ಲಸಿಕೆ ಬಿದ್ದರೆ ಸಾಮಾನ್ಯವಾಗಿ ರೋಗ ತಡೆಯಬಹುದು. ಅವನಿಗೆ ಆ ಅವಕಾಶ ಇತ್ತು, ಅಲ್ವಾ? ಆ ಸಂಕಟ ಇವತ್ತಿಗೂ ಇದೆ. ಆಮೇಲೆ ಯಾವ ಮನೆಗೆ ಹೋದರೂ "ಯಾರು ಬಂದಿದ್ದರು, ಎಲ್ಲಿಗೆ ಹೋದರು?" ಅಂತಲೇ ಮೊದಲು ಕೇಳಿದೆ.

1975ರ ಮೇ ತಿಂಗಳಲ್ಲಿ ಭಾರತದ ಕೊನೆಯ ಪ್ರಕರಣ ಸಿಕ್ಕಿತು. ಕೆಲಸ ಮುಗಿಯಲಿಲ್ಲ. ಮುಂದಿನ ಸುಮಾರು ಎರಡು ವರ್ಷ ಅದೇ ಕಾರ್ಡ್ ಹಿಡಿದು ತಿರುಗಿದೆವು. 1977ರ ಅಕ್ಟೋಬರಿನಲ್ಲಿ ಸೊಮಾಲಿಯಾದ ಮರ್ಕಾದಲ್ಲಿ ಅಲಿ ಮಾವ್ ಮಾಲಿನ್ ಅನ್ನುವ ಆಸ್ಪತ್ರೆಯ ಅಡುಗೆಯವನಿಗೆ ರೋಗ ಬಂತು. ರೋಗಿಗಳಿದ್ದ ಗಾಡಿಗೆ ದಾರಿ ತೋರಿಸಲು ಹತ್ತಿ ಕೆಲವೇ ನಿಮಿಷ ಜೊತೆಗಿದ್ದನಂತೆ. ಸಹಜವಾಗಿ ಹರಡಿದ ಸಿಡುಬಿನ ಕೊನೆಯ ರೋಗಿ ಅವನೇ. ಸುದ್ದಿ ಕೇಳಿದಾಗ ನನಗೆ ನೆನಪಾದದ್ದು ಆ ಸೋದರಮಾವ.