ಲಾರೆಲ್–ಹಾರ್ಡಿ ಸಂಘದ ಪತ್ರಿಕೆಗೆ ರಟ್ಟು ಕಟ್ಟಿಸಿದ ಅನುಭವ

ಹಾಲಿವುಡ್ಡಿನ ಹಾಸ್ಯನಟ ಜೋಡಿ ಲಾರೆಲ್ ಮತ್ತು ಹಾರ್ಡಿಯರ ಅಭಿಮಾನಿಗಳ ಸಂಘವಾದ ‘ಸನ್ಸ್ ಆಫ್ ದಿ ಡೆಸರ್ಟ್’ ಹೊರತರುವ ‘ಇಂಟ್ರಾ-ಟೆಂಟ್ ಜರ್ನಲ್’ ಪತ್ರಿಕೆಯ ಹಳೆಯ ಸಂಚಿಕೆಗಳ ಕಟ್ಟೊಂದನ್ನು ಮಾಟುಂಗದ ಹಿರಿಯ ಮಿತ್ರರೊಬ್ಬರು ಮನೆ ಖಾಲಿ ಮಾಡುವಾಗ ನನಗೆ ಒಪ್ಪಿಸಿದರು. ಮುಂಬಯಿಯ ಮಳೆಗಾಲ ಕಾಗದಕ್ಕೆ ಬದ್ಧವೈರಿ. ಸ್ಟೇಪಲ್ ಪಿನ್ನುಗಳು ತುಕ್ಕು ಹಿಡಿದು ಮಡಿಕೆಯ ಉದ್ದಕ್ಕೂ ಕಂದು ಕಲೆ ಮೂಡಿತ್ತು. ಕೆಲವು ಸಂಚಿಕೆಗಳ ನುಣುಪು ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಅವನ್ನು ಬಲವಂತದಿಂದ ಬಿಡಿಸಿದರೆ ಅಕ್ಷರಗಳೇ ಕಿತ್ತು ಬರುವುದರಿಂದ ಅಂಥವನ್ನು ಹಾಗೆಯೇ ಬೇರೆ ಇಟ್ಟು, ಉಳಿದವುಗಳಿಗೆ ರಟ್ಟು ಕಟ್ಟಿಸಲು ಗಾಳಿ ಒಣಗಿರುವ ಜನವರಿಯವರೆಗೆ ಕಾದೆ.

ಈ ಸಂಘ ಹುಟ್ಟಿದ್ದು 1965ರಲ್ಲಿ, ನ್ಯೂಯಾರ್ಕಿನಲ್ಲಿ. ಜೋಡಿಯ ಜೀವನಚರಿತ್ರೆ ಬರೆದ ಜಾನ್ ಮೆಕೇಬ್ ಸ್ಥಾಪಕರಲ್ಲಿ ಒಬ್ಬರು. ಹೆಂಡತಿಯರಿಗೆ ಸುಳ್ಳು ಹೇಳಿ ಸಮ್ಮೇಳನಕ್ಕೆ ಓಡಿಹೋಗುವ ಇಬ್ಬರು ಗಂಡಂದಿರ ಕಥೆಯ 1933ರ ಚಿತ್ರದಿಂದ ಸಂಘ ತನ್ನ ಹೆಸರನ್ನು ಪಡೆಯಿತು. ಶಾಖೆಗಳಿಗೆ ‘ಟೆಂಟ್’ ಎಂಬ ಹೆಸರು, ಪ್ರತಿ ಟೆಂಟಿಗೂ ಲಾರೆಲ್–ಹಾರ್ಡಿಯರದೇ ಒಂದೊಂದು ಚಿತ್ರದ ಹೆಸರು. 1965ರ ಫೆಬ್ರವರಿಯಲ್ಲಿ ತೀರಿಕೊಂಡ ಸ್ಟಾನ್ ಲಾರೆಲ್, ಸಾಂಟಾ ಮೋನಿಕಾದ ತಮ್ಮ ಮನೆಯ ದೂರವಾಣಿ ಸಂಖ್ಯೆಯನ್ನು ಡೈರೆಕ್ಟರಿಯಲ್ಲಿ ಎಲ್ಲರಿಗೂ ಕಾಣುವಂತೆಯೇ ಬಿಟ್ಟಿದ್ದರು, ಅಭಿಮಾನಿಗಳ ಪತ್ರಗಳಿಗೆ ತಾವೇ ಉತ್ತರಿಸುತ್ತಿದ್ದರು. ಪತ್ರಿಕೆಯ ಮೇಲೆ ಓದುಗರಿಗಿರುವ ಅಕ್ಕರೆಯ ಮೂಲ ಇಲ್ಲೇ ಇದೆಯೆಂದು ನಾನು ನಂಬಿದ್ದೇನೆ. ದೊಡ್ಡ ಲೇಖನಗಳನ್ನು ಪುಸ್ತಕಗಳಲ್ಲಿಯೂ ಓದಬಹುದು. ಟೆಂಟುಗಳ ವರದಿ, ಓದುಗರ ಪತ್ರ ಮತ್ತು ಸಣ್ಣಪುಟ್ಟ ತಿದ್ದುಪಡಿಗಳಿಗೆ ಮಾತ್ರ ಬೇರೆ ನೆಲೆಯಿಲ್ಲ.

ಆದ್ದರಿಂದಲೇ ದಾದರಿನ ಬೈಂಡರ್ ಕಾಕಾ ಅವರೊಂದಿಗೆ ನನ್ನ ಚರ್ಚೆ ಬೆಳೆಯಿತು. ಹೊದಿಕೆ ಮತ್ತು ಜಾಹೀರಾತಿನ ಹಾಳೆಗಳನ್ನು ತೆಗೆದುಹಾಕಿ, ಮೂರು ಬದಿಯ ಅಂಚನ್ನೂ ಯಂತ್ರದಲ್ಲಿ ಕತ್ತರಿಸಿ, ಪಕ್ಕದಲ್ಲಿ ತೂತು ಹೊಡೆದು ಹೊಲಿಯುವುದು ಅವರ ರೂಢಿ. “ಅಂಚು ಕತ್ತರಿಸದಿದ್ದರೆ ಪುಸ್ತಕಕ್ಕೆ ಶೋಭೆ ಎಲ್ಲಿಂದ ಬರುತ್ತದೆ, ಸಾಹೇಬರೇ?” ಎಂದು ಅವರು ಮರಾಠಿಯಲ್ಲಿ ಕೇಳಿದರು. ನಾನು ಒಂದು ಪುಟ ತೆರೆದು ತೋರಿಸಿದೆ. 1932ರಲ್ಲಿ ಆಸ್ಕರ್ ಗೆದ್ದ ‘ದಿ ಮ್ಯೂಸಿಕ್ ಬಾಕ್ಸ್’ ಚಿತ್ರದಲ್ಲಿ ಇಬ್ಬರೂ ಪಿಯಾನೋ ಹೊತ್ತು ಹತ್ತುವ ಲಾಸ್ ಏಂಜಲೀಸಿನ ಮೆಟ್ಟಿಲುಗಳ ಚಿತ್ರದ ಪಕ್ಕದಲ್ಲಿ, ನನ್ನ ಮಿತ್ರರು ಪೆನ್ಸಿಲಿನಲ್ಲಿ, “ಧೋಬಿ ತಲಾವ್ ಮೆಟ್ರೋ ಚಿತ್ರಮಂದಿರದಲ್ಲಿ ಬೆಳಗಿನ ಆಟ, ಅಣ್ಣ ಕೂಡ ನಕ್ಕ” ಎಂದು ಕನ್ನಡದಲ್ಲಿ ಬರೆದಿದ್ದರು. ಕೊನೆಯ ಅಕ್ಷರ ಹಾಳೆಯ ತುದಿಗೇ ತಾಗಿತ್ತು. ಕಾಕಾ ಮತ್ತೆ ವಾದಿಸಲಿಲ್ಲ.

ಪಿನ್ನನ್ನು ಬೆನ್ನಿನ ಕಡೆಯಿಂದ ಜಗ್ಗಿದರೆ ಹಾಳೆ ಹರಿಯುತ್ತದೆ. ನಡುಪುಟ ತೆರೆದು, ಒಳಗೆ ಬಾಗಿರುವ ಎರಡು ಕಾಲುಗಳನ್ನು ಮೊಂಡು ಚಾಕುವಿನಿಂದ ನೆಟ್ಟಗೆ ಮಾಡಿ, ಆಮೇಲೆ ಮೆಲ್ಲಗೆ ಹೊರಗೆ ತಳ್ಳಬೇಕು. ಈ ಕೆಲಸವನ್ನು ನಾನೇ ಮನೆಯಲ್ಲಿ ಮಾಡಿದೆ. ಕಾಕಾ ಪ್ರತಿ ಸಂಚಿಕೆಯನ್ನೂ ಅದರ ಮಡಿಕೆಯಲ್ಲಿಯೇ ಹತ್ತಿಯ ದಾರದಿಂದ ಹೊಲಿದು, ಹುಳು ಬಾರದಿರಲೆಂದು ಮೈಲುತುತ್ತ ಬೆರೆಸಿದ ಮೈದಾ ಅಂಟಿನಿಂದ ರಟ್ಟು ಕೂರಿಸಿದರು. ಹೀಗೆ ಹೊಲಿದ ಸಂಪುಟ ಮೇಜಿನ ಮೇಲೆ ಪೂರ್ತಿ ತೆರೆದುಕೊಳ್ಳುವುದರಿಂದ ಮಡಿಕೆಯ ಬಳಿಯ ಸಾಲುಗಳೂ ಕಾಣುತ್ತವೆ. ಅಂಚುಗಳು ಮಾತ್ರ ಏರುಪೇರಾಗಿವೆ. ಅದು ನನಗೆ ಒಪ್ಪಿಗೆ.

ಅನಂತರ ಚಿತ್ರಗಳ ಹೆಸರಿನ ಪ್ರಕಾರ ಕನ್ನಡದಲ್ಲಿ ಒಂದು ಸೂಚಿಯನ್ನು ಬರೆದೆ. ನಮ್ಮ ಕನ್ನಡದ ಗೆಳೆಯರಿಗೆ ಅಚ್ಚುಮೆಚ್ಚಿನ ವಿಷಯವೆಂದರೆ ಪರಭಾಷಾ ಆವೃತ್ತಿಗಳದು. ಮಾತಿನ ಚಿತ್ರಗಳ ಆರಂಭಕಾಲದಲ್ಲಿ ಈ ಜೋಡಿ ಕ್ಯಾಮೆರಾದ ಹಿಂದಿನ ಕಪ್ಪುಹಲಗೆಯ ಮೇಲೆ ಉಚ್ಚಾರಣೆಯಂತೆ ಬರೆದಿಟ್ಟ ಮಾತುಗಳನ್ನು ನೋಡಿಕೊಂಡು ಸ್ಪ್ಯಾನಿಷ್, ಫ್ರೆಂಚ್, ಜರ್ಮನ್, ಇಟಾಲಿಯನ್ ಭಾಷೆಗಳಲ್ಲಿ ಅದೇ ಹಾಸ್ಯವನ್ನು ಮತ್ತೆ ಅಭಿನಯಿಸಿದ್ದರು. ಮನೆಯಲ್ಲಿ ಕನ್ನಡ, ಲೋಕಲ್ ರೈಲಿನಲ್ಲಿ ಮರಾಠಿ, ಅಂಗಡಿಯಲ್ಲಿ ಹಿಂದಿ ಆಡುವ ನಮಗೆ ಆ ಪಾಡು ಚೆನ್ನಾಗಿ ಅರ್ಥವಾಗುತ್ತದೆ.

ಸಂಪುಟಗಳನ್ನು ಎರವಲು ಕೊಡುತ್ತೇನೆ, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನನ್ನ ಮನೆಯಲ್ಲಿಯೇ ಕುಳಿತು ಓದಬೇಕು. ಈಗ ಸೂಚಿಗೆ ಆ ಪೆನ್ಸಿಲ್ ಟಿಪ್ಪಣಿಗಳನ್ನೂ, ಯಾವ ಸಂಚಿಕೆಯ ಯಾವ ಪುಟದಲ್ಲಿವೆ ಎಂಬ ವಿವರದೊಂದಿಗೆ, ಸೇರಿಸುತ್ತಿದ್ದೇನೆ.