ಔಷಧಿಯ ಮೂಲ ಹೆಸರನ್ನೂ ಬರೆಸಿಕೊಳ್ಳಿ
ಮನೆಯವರ ಕ್ಯಾನ್ಸರ್ ಚಿಕಿತ್ಸೆಯ ಅಂದಾಜು ವೆಚ್ಚದ ಪಟ್ಟಿ ಕೈಗೆ ಬಂದಾಗ, ಪ್ರತಿ ಔಷಧಿಯ ಬ್ರ್ಯಾಂಡ್ ಹೆಸರಿನ ಪಕ್ಕ ಅದರ ಮೂಲ ಹೆಸರನ್ನೂ (ಒಳಗಿರುವ ಔಷಧಾಂಶದ ಹೆಸರು) ಬರೆಸಿಕೊಂಡು, ‘ಇದಕ್ಕೆ ಜೆನೆರಿಕ್ ಅಥವಾ ಬಯೋಸಿಮಿಲರ್ ಇದೆಯೇ?’ ಎಂದು ವೈದ್ಯರನ್ನೇ ಕೇಳಿ. ಮೊದಲ ಡೋಸ್‌ಗೆ ಮುಂಚೆಯೇ ಕೇಳಿ. ಜೆನೆರಿಕ್ ಎಂದರೆ ಅದೇ ಔಷಧಿಯನ್ನು ಬೇರೆ ಕಂಪನಿ ತಯಾರಿಸಿದ್ದು; ಬಯೋಸಿಮಿಲರ್ ಎಂದರೆ ಜೀವಕೋಶಗಳಿಂದ ತಯಾರಾಗುವ ಔಷಧಿಗೆ ಬಹುತೇಕ ಸಮನಾದ, ಬೇರೆ ಕಂಪನಿಯ ಔಷಧಿ. ಟ್ರಾಸ್ಟುಜುಮ್ಯಾಬ್, ರಿಟುಕ್ಸಿಮ್ಯಾಬ್, ಬೆವಾಸಿಜುಮ್ಯಾಬ್‌ನಂತಹ ದುಬಾರಿ ಔಷಧಿಗಳನ್ನು ಈಗ ಬೇರೆ ಕಂಪನಿಗಳೂ ತಯಾರಿಸುವುದರಿಂದ ಬೆಲೆ ಸಾಮಾನ್ಯವಾಗಿ ಇಳಿಯುತ್ತದೆ. ಮೂಲ ಔಷಧಿಯೊಂದಿಗೆ ಹೋಲಿಸಿ ಪರೀಕ್ಷಿಸಿದ ಮೇಲೆಯೇ ಬಯೋಸಿಮಿಲರ್‌ಗೆ ಅನುಮತಿ ಸಿಗುವುದು. ಸಂಕೋಚ ಬೇಡ, ವೈದ್ಯರಿಗೆ ಇದು ಹೊಸ ಪ್ರಶ್ನೆಯಲ್ಲ. ಪೇಟೆಂಟ್ ಇನ್ನೂ ಮುಗಿಯದ ಹೊಸ ಔಷಧಿಗಳಿಗೆ ಈ ದಾರಿ ಸಾಮಾನ್ಯವಾಗಿ ಇರುವುದಿಲ್ಲ; ಆಗ ತಯಾರಕರ ರೋಗಿ ಸಹಾಯ ಯೋಜನೆ ಇದೆಯೇ ಎಂದು ವಿಚಾರಿಸಿ. ಚಿಕಿತ್ಸೆಯ ನಡುವೆ ಮಾತ್ರ, ಎಷ್ಟೇ ಹಣ ಉಳಿಯುವಂತಿದ್ದರೂ, ವೈದ್ಯರ ಒಪ್ಪಿಗೆಯಿಲ್ಲದೆ ಬ್ರ್ಯಾಂಡ್ ಕೂಡ ಬದಲಿಸಬೇಡಿ.