ಪಾಡ್ಯ ಮುಗಿದ ಮೇಲೆ ಮಷಿನ್ ಮುಂದೆ

ದೀಪಾವಳಿಗೆ ಮುಂಚಿನ 15 ದಿನ ನನಗೆ ಊಟದ ಹೊತ್ತೂ ನೆನಪಿರಲ್ಲ. ಅಮಾವಾಸ್ಯೆ ದಿನ ಮಧ್ಯಾಹ್ನದವರೆಗೂ ಬಾಗಿಲಲ್ಲಿ ಯಾರಾದರೊಬ್ಬರು "ಅಕ್ಕಾ, ಹುಕ್ಸ್ ಒಂದೇ ಬಾಕಿನಾ?" ಅಂತ ನಿಂತಿರುತ್ತಾರೆ. ಸಂಜೆ ಹೊಲಿಗೆ ಮಷಿನ್‌ಗೆ ಕುಂಕುಮ ಇಟ್ಟು, ಪೂಜೆ ಮುಗಿಸಿ, ಮರುದಿನ ತವರಿಗೆ ಹೊರಟರೆ 5 ದಿನ ಸೂಜಿ ಮುಟ್ಟಲ್ಲ.

ಕಷ್ಟ ಇರುವುದು ವಾಪಸ್ ಬಂದ ಮೇಲೆ. ಪಾಡ್ಯದಿಂದ ತುಳಸಿ ಹಬ್ಬಕ್ಕೆ ಹೆಚ್ಚೂಕಡಿಮೆ 11 ದಿನ. ಅದು ಮುಗಿದರೆ ಮದುವೆಗಳು ಶುರು, ಅಂದರೆ ಲೈನಿಂಗ್ ಬ್ಲೌಸ್‌ಗಳ ರಾಶಿ. ಆದರೂ ಕೂರುವುದಕ್ಕೆ ಮನಸ್ಸೇ ಬರಲ್ಲ. ಸಾಲಾಗಿಟ್ಟ ಚೀಲಗಳನ್ನು ನೋಡಿದರೇ ಸೊಂಟ ಹಿಡಿದುಕೊಂಡಂತೆ ಆಗುತ್ತದೆ. ಕಾಫಿ ಕುಡಿದು ಕೂರೋಣ, ಬಟ್ಟೆ ಒಗೆದು ಕೂರೋಣ ಅಂತ ಸಂಜೆಯಾಗಿಬಿಡುತ್ತದೆ.

ಒಂದು ವರ್ಷ ನನ್ನ ಮೇಲೆ ನನಗೇ ಸಿಟ್ಟು ಬಂದು, ಊರಿಂದ ಬಂದ ದಿನವೇ ರೇಷ್ಮೆ ಸೀರೆಯ ಬ್ಲೌಸ್ ಕಟಿಂಗ್‌ಗೆ ಕೂತೆ. ಅಂಚು ಎರಡೂ ತೋಳಿಗೆ ಸರಿಯಾಗಿ ಬರಲಿ ಅಂತ ತೋಳುಗಳನ್ನು ಬೇರೆ ಬೇರೆ ಕತ್ತರಿಸಿದೆ. ಎರಡನೆಯದಕ್ಕೆ ತೋಳಿನ ಅಳತೆಯ ಪೇಪರ್ ಮಗುಚಬೇಕಿತ್ತು, ಮರೆತೆ. ಎರಡೂ ಎಡಗೈ ತೋಳು! ಸೀರೆಯ ಜೊತೆಗೇ ಬಂದ ಪೀಸ್, ಅಂಗಡಿಯಲ್ಲಿ ಹುಡುಕಿದರೂ ಸಿಗಲ್ಲ. ಕೊನೆಗೆ ಕಂಕುಳ ಹತ್ತಿರ ಚೂರು ಬಟ್ಟೆ ಜೋಡು ಕೊಟ್ಟು ಹೇಗೋ ಸರಿಮಾಡಿದೆ. ಸೀರೆಯವರಿಗೂ ಹೇಳಿದೆ. ಅವರು ಏನೂ ಅನ್ನಲಿಲ್ಲ, ಮತ್ತೆ ಬಟ್ಟೆ ತರಲೂ ಇಲ್ಲ.

ಅಲ್ಲಿಂದ ನಾನು ಮೊದಲ ದಿನ ಕತ್ತರಿ ಮುಟ್ಟುವುದಿಲ್ಲ. ಮಷಿನ್ ಮಾತ್ರ. ಕೆಳಗಿನ ದಾರ ಕೂರುವ ಬಾಬಿನ್ ಕೇಸ್ ತೆಗೆದು, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಒಳಗಿನ ನೂಲಿನ ಧೂಳು ಕೆರೆಯುತ್ತೇನೆ. ಹಬ್ಬದ ಜರಿಯೆಲ್ಲ ಅಲ್ಲೇ ಕೂತಿರುತ್ತದೆ, ಮಿಣಮಿಣ ಅಂತ. ತೂತುಗಳಿಗೆ ಒಂದೊಂದು ಹನಿ ಎಣ್ಣೆ ಬಿಟ್ಟು, ಹೊಸ ಸೂಜಿ ಹಾಕಿ, ಚಿಂದಿ ಬಟ್ಟೆ ಮೇಲೆ ಎಣ್ಣೆ ಕಲೆ ಬೀಳುವುದು ನಿಲ್ಲುವವರೆಗೆ ಸುಮ್ನೆ ಓಡಿಸುತ್ತೇನೆ. ಆ ಸದ್ದು ಕಿವಿಗೆ ಬಿದ್ದರೆ ಕಾಲು ತಾನಾಗಿ ಪೆಡಲ್ ತುಳಿಯುತ್ತದೆ. ಸಂಜೆ ಲೈನಿಂಗ್ ಬಟ್ಟೆಗಳನ್ನು ನೀರಿಗೆ ಹಾಕುತ್ತೇನೆ. ಮುಂಚೆಯೇ ಕುಗ್ಗಿಸಿಕೊಳ್ಳದಿದ್ದರೆ ಮೊದಲ ಒಗೆತಕ್ಕೇ ಬ್ಲೌಸ್ ಸುಕ್ಕಾಗುತ್ತದೆ, ಅಲ್ವಾ? ಹೇಗೂ ಆಗಬೇಕಾದ ಕೆಲಸ, ತಲೆಯೂ ಬೇಡ.

ಎರಡನೇ ದಿನ ಸೀರೆಗೆ ಫಾಲ್, ಬಿಗಿಯಾದ ಬ್ಲೌಸ್‌ನ ಹೊಲಿಗೆ ಬಿಚ್ಚಿ ಸಡಿಲ ಮಾಡುವುದು, ಇಂಥವು. ಮೂರನೇ ದಿನ ಬೆಳಿಗ್ಗೆ, ಅಡುಗೆಗೂ ಮುಂಚೆ, ಕಟಿಂಗ್. ಮೊದಲು ಎರಡೇ ಬ್ಲೌಸ್, ಅದೂ ಸಾದಾ ಹತ್ತಿಯವು. ರೇಷ್ಮೆ ನಾಲ್ಕನೇ ದಿನಕ್ಕೆ. ಅಷ್ಟರೊಳಗೆ ಫೋನ್ ಮಾಡಿದವರಿಗೆ "ನಾಳೆ" ಅನ್ನುವುದಿಲ್ಲ, ದಿನ ಲೆಕ್ಕ ಹಾಕಿ ವಾರದ ಹೆಸರೇ ಹೇಳುತ್ತೇನೆ. ಬೈಗುಳ ಕಡಿಮೆಯಾಗಿದೆ.

ಎರಡು ವರ್ಷದಿಂದ ಇನ್ನೊಂದು ಮಾಡುತ್ತಿದ್ದೇನೆ. ಊರಿಗೆ ಹೋಗುವ ಮುಂಚೆ ನನ್ನದೇ ಒಂದು ಬ್ಲೌಸ್ ಅರ್ಧ ಹೊಲಿದು ಮಷಿನ್ ಮೇಲೇ ಬಿಡುತ್ತೇನೆ. ಒಂದು ತೋಳು ಕೂಡಿಸಿರುತ್ತದೆ, ಇನ್ನೊಂದು ಗುಂಡುಪಿನ್‌ನಲ್ಲಿ ನೇತಾಡುತ್ತಿರುತ್ತದೆ. ಬಂದವಳಿಗೆ ಅದನ್ನು ಹಾಗೇ ನೋಡಿಕೊಂಡು ಇರಲು ಆಗಲ್ಲ. ಈ ಸಲ ಬ್ಯಾಗ್ ಬಿಚ್ಚುವ ಮೊದಲೇ ಆ ತೋಳು ಕೂಡಿಸಿದೆ. ಹುಕ್ಸ್ ಮಾತ್ರ ಇನ್ನೂ ಹಾಕಿಲ್ಲ. ನಮ್ಮ ಬಟ್ಟೆಗೆ ಹುಕ್ಸ್ ಹಾಕುವ ಟೈಮ್ ಯಾವ ಟೈಲರ್‌ಗೆ ಸಿಕ್ಕಿದೆ ಹೇಳಿ.